ಎಷ್ಟಕ್ಕೆ ಇಡ್ಲಿ ಸಾರ್?

‘ಸಿಂಗಲ್ ಓನರ್, 2003 ಮಾಡೆಲ್, ಬರೀ 22 ಸಾವಿರ ಕಿ.ಮೀ. ಓಡಿದೆ, ಲೀಟರ್‌ಗೆ 65 ಗ್ಯಾರಂಟಿ, ಡಾಕ್ಟರ್ ಇಟ್ಟುಕೊಂಡಿದ್ದ ಗಾಡಿ.’

ಶಿವಮೊಗ್ಗದ ಸೆಕೆಂಡ್ ಹ್ಯಾಂಡ್ ಬೈಕ್ ಜಾಹೀರಾತು ನೋಡುವ ಚಟ ಇದ್ದವರಿಗೆಲ್ಲ ಈ ಗಾಡಿ ಗೊತ್ತು. ಒಮ್ಮೆ ಕಪ್ಪು, ಒಮ್ಮೆ ಕೆಂಪು, ಒಮ್ಮೆ ಕೆಎ 14, ಒಮ್ಮೆ ಕೆಎ 15. ಬದಲಾಗದ್ದು ಆ 22 ಸಾವಿರ ಒಂದೇ. ಇಪ್ಪತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ ಮೂರು ಕಿಲೋಮೀಟರು. ಮಲೆನಾಡಿನಲ್ಲಿ ಹಾಲು ಹಾಕಿ ಬರಲಿಕ್ಕೇ ಅದಕ್ಕಿಂತ ಹೆಚ್ಚು ಬೇಕು. ಆ ಡಾಕ್ಟರು ಯಾವ ರೋಗಿಯ ಮನೆಗೂ ಹೋದವರಲ್ಲ, ಬಿಡಿ. ಆದರೆ ಫುಟ್‌ರೆಸ್ಟಿನ ರಬ್ಬರು ಬೋಳಾಗಿದೆ, ಬ್ರೇಕ್ ಪೆಡಲ್ಲಿನ ಗೀರುಗಳು ಸವೆದು ಕನ್ನಡಿಯಾಗಿದೆ, ಚೈನು ಕೂರುವ ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಗರಗಸದ ಹಾಗೆ ಒಂದು ಕಡೆ ಬಾಗಿದೆ, ಬೀಗದ ಕೈ ಹಾಕದೆಯೇ ಗಾಡಿ ಆನ್ ಆಗುತ್ತದೆ. ಡಾಕ್ಟರು ಮನೆಯಂಗಳದಲ್ಲೇ ನಿಂತು ಬ್ರೇಕ್ ತುಳಿಯುತ್ತಿದ್ದರೋ ಏನೋ.

ನನಗೆ ತುಂಬ ಇಷ್ಟವಾಗುವುದು ಮಾತ್ರ ಆ ‘ಲೀಟರ್‌ಗೆ 65’. ಕಿಲೋಮೀಟರ್ ಎಣಿಸುವ ಯಂತ್ರವೇ ಸತ್ತು ಹತ್ತು ವರ್ಷವಾಗಿದೆ. ಅಂದಮೇಲೆ 65 ಅಂತ ಎಣಿಸಿದವರು ಯಾರು? ಮೈಲಿಗಲ್ಲು ನೋಡಿಕೊಂಡು ಲೆಕ್ಕ ಹಾಕೋಣವೆಂದರೆ ರಸ್ತೆ ಅಗಲ ಮಾಡುವಾಗ ಅರ್ಧ ಕಲ್ಲು ಮಣ್ಣಿನಡಿ ಹೋದವು. ಉಳಿದದ್ದು ನಮ್ಮ ಹಳೆಯ ಅಳತೆಗಳು: ಇಲ್ಲೇ ಒಂದು ಕೂಗಳತೆ, ಒಂದು ಎಲೆಯಡಿಕೆ ಹಾಕಿ ಉಗಿಯುವಷ್ಟು ದೂರ. ಲೀಟರಿಗೆ ಎಷ್ಟು ಕೂಗಳತೆ ಕೊಡುತ್ತದೆ ಎಂದು ಬರೆದಿದ್ದರೆ ನಾನೂ ನಂಬುತ್ತಿದ್ದೆ.

ಸರ್ಕಾರವನ್ನು ಇಲ್ಲಿ ಹೊಗಳಲೇಬೇಕು. ಆರ್‌ಸಿಯಲ್ಲಿ ಛಾಸಿ ನಂಬರ್ ಇದೆ, ಎಂಜಿನ್ ನಂಬರ್ ಇದೆ, ಬಣ್ಣ ಇದೆ, ಎಷ್ಟು ಜನ ಕೂರಬಹುದು ಎಂಬುದೂ ಇದೆ. ಎಷ್ಟು ಓಡಿದೆ ಎಂದು ಕೇಳುವ ಕೆಟ್ಟ ಕುತೂಹಲ ಇಲ್ಲ. ಗಾಡಿ ಕೈ ಬದಲಾಗುವಾಗ ತುಂಬುವ ಫಾರಂ 29, ಫಾರಂ 30ರಲ್ಲೂ ಆ ಪ್ರಶ್ನೆ ಇಲ್ಲ. ಹದಿನೈದು ವರ್ಷ ತುಂಬಿತೆಂದರೆ ಐದೈದು ವರ್ಷಕ್ಕೊಮ್ಮೆ ಮರುನೋಂದಣಿ. 2022ರ ಏಪ್ರಿಲ್‌ನಲ್ಲಿ ಬೈಕಿನ ಮರುನೋಂದಣಿ ಶುಲ್ಕ 300 ರೂಪಾಯಿಯಿಂದ 1,000ಕ್ಕೆ ಹಾರಿತು. ಇಡೀ ವ್ಯವಹಾರದಲ್ಲಿ ನಿಲ್ಲದೆ ಓಡಿದ ಮೀಟರ್ ಅದೊಂದೇ. ಛಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಲ್ಲಿ ಉಜ್ಜಿ ಅಚ್ಚು ತೆಗೆಯುವಷ್ಟು ಶ್ರದ್ಧೆಯವರು, ಒಂದಡಿ ಮೇಲಿರುವ ಐದು ಅಂಕಿ ನೋಡುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 117 ವೇಗಮಾಪಕ ಇರಲೇಬೇಕು ಎನ್ನುತ್ತದೆ. ಇದೆಯಲ್ಲ ಸ್ವಾಮಿ, ಗಾಜಿನೊಳಗೆ ನೀರು ತುಂಬಿಕೊಂಡು ಮೀನು ಸಾಕುವ ಹಾಗೆ ಇದೆ. ಘಾಟಿಯಲ್ಲಿ 30ರ ಬೋರ್ಡು ಬಂದಾಗ ಸೂಜಿ ಸೊನ್ನೆಯಲ್ಲಿ. ಇದಕ್ಕಿಂತ ಕಾನೂನು ಪಾಲಿಸುವ ಸವಾರ ಎಲ್ಲಿ ಸಿಗುತ್ತಾನೆ?

ಇಷ್ಟಕ್ಕೂ ಈ ಮೀಟರ್ ಸರಿ ಮಾಡುವುದು ಬ್ರಹ್ಮವಿದ್ಯೆಯೇನಲ್ಲ. ಸಿಡಿ 100, ಸ್ಪ್ಲೆಂಡರ್, ಆರ್‌ಎಕ್ಸ್ 100ರಂಥ ಹಳೆಯ ಗಾಡಿಗಳಲ್ಲಿ ಮುಂದಿನ ಚಕ್ರದ ನಡುವಿನ ಹಬ್ಬಿನಿಂದ ಒಂದು ಕೇಬಲ್ ಮೇಲೇರಿ ಮೀಟರಿನ ಬುಡಕ್ಕೆ ಸೇರುತ್ತದೆ. ಸೂಜಿ ಆಡುತ್ತಿದ್ದು ಅಂಕಿ ಮಾತ್ರ ನಿಂತಿದ್ದರೆ ರೋಗ ಮೀಟರಿನ ಹೊಟ್ಟೆಯಲ್ಲಿದೆ. ಎರಡೂ ಸತ್ತಿದ್ದರೆ ಮೀಟರ್ ಮುಟ್ಟಬೇಡಿ, ಕೆಳಗೆ ನೋಡಿ. ಮೀಟರಿನ ಬುಡದ ನಟ್ಟು ಬಿಚ್ಚಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿ. ಕೇಬಲಿನ ತುದಿ ತಿರುಗಿತೋ, ತಪ್ಪು ಮೇಲಿದೆ. ತಿರುಗಲಿಲ್ಲವೋ, ಒಳತಂತಿ ಎಳೆದು ನೋಡಿ. ತುಂಡಾಗಿರುತ್ತದೆ, ಇಲ್ಲವೇ ಅದರ ಚೌಕ ತುದಿ ಸವೆದು ದುಂಡಗಾಗಿರುತ್ತದೆ. ಹೊಸ ಕೇಬಲಿಗೆ ಬೀಳುವ ಖರ್ಚು ಜಾಹೀರಾತಿನ ಫೋಟೋಕ್ಕೆಂದು ಗಾಡಿ ಪಾಲಿಶ್ ಮಾಡಿಸಿದ್ದಕ್ಕಿಂತ ಹೆಚ್ಚೇನಲ್ಲ.

ಕೇಬಲ್ ಸರಿಯಿದ್ದೂ ತಿರುಗದಿದ್ದರೆ ಅಪರಾಧಿ ಹಬ್ಬಿನಲ್ಲಿ. ಈ ಕಥೆ ಸ್ವಲ್ಪ ಉದ್ದ, ಯಾಕೆಂದರೆ ಊರಿನ ಅರ್ಧ ಮೀಟರುಗಳನ್ನು ಕೊಂದದ್ದು ಪಂಕ್ಚರ್. ಹಬ್ಬಿನ ಪಕ್ಕದ ಬ್ರೇಕ್ ಪ್ಲೇಟಿನೊಳಗೆ ಒಂದು ಗೇರು ಕೂತಿರುತ್ತದೆ. ಅದನ್ನು ತಿರುಗಿಸಲು ಎರಡು ಸಣ್ಣ ಕಿವಿಗಳು ಹಬ್ಬಿನ ಎರಡು ಕಚ್ಚಿನೊಳಗೆ ಕೂರಬೇಕು. ಪಂಕ್ಚರ್ ಹಾಕಿ ಚಕ್ರ ವಾಪಸ್ ಜೋಡಿಸುವಾಗ ಪ್ಲೇಟನ್ನು ಆಚೀಚೆ ತಿರುಗಿಸಿ ಆ ಕಿವಿ ‘ಟಕ್’ ಎಂದು ಒಳಗಿಳಿಯುವ ತನಕ ಕಾಯಬೇಕು. ಅರ್ಧ ನಿಮಿಷದ ಕೆಲಸ. ಹೊರಗೆ ಮಳೆ ಹೊಡೆಯುತ್ತಿದೆ, ಹಿಂದೆ ಮೂರು ಗಾಡಿ ಸಾಲು ನಿಂತಿವೆ, ಅಂಗಡಿಯವನಿಗೆ ಆ ಅರ್ಧ ನಿಮಿಷ ಎಲ್ಲಿದೆ? ಕಿವಿ ಕಚ್ಚಿಗಿಳಿಯದೆ ಮೇಲೇ ಕೂತಿರುವಾಗ ಆಕ್ಸೆಲ್ ನಟ್ಟು ಬಿಗಿದರೆ ಕಿವಿ ಚಪ್ಪಟೆ, ಮೀಟರ್ ಖತಂ. ಗಾಡಿಯ ವಯಸ್ಸು ಅಲ್ಲಿಗೆ ನಿಂತಿತು. ಅಮೃತ ಕುಡಿಸಿದವನು ಟ್ಯೂಬಿಗೆ ಪ್ಯಾಚ್ ಹಾಕಿದವನೇ ಎಂದು ಯಾರಿಗೂ ತಿಳಿಯುವುದಿಲ್ಲ. ಕಿವಿ ಬರೀ ಬಾಗಿದ್ದರೆ ಇಕ್ಕಳದಲ್ಲಿ ಎತ್ತಬಹುದು. ಮುರಿದಿದ್ದರೆ ಗೇರ್ ಸೆಟ್ಟೇ ಬದಲಿಸಿ, ಹಳೆಯ ಗ್ರೀಸು ಒರೆಸಿ ಹೊಸದು ಹಾಕಿ.

ಇನ್ನು ನಮ್ಮ ಮಳೆ. ಆರಿದ್ರಾದಲ್ಲಿ ಶುರುವಾದ ನೀರು ಕೇಬಲಿನ ಕೆಳತುದಿಯಿಂದ ಒಳಗೆ ಸೇರಿ ತಂತಿಗೆ ತುಕ್ಕು ಹಿಡಿಸುತ್ತದೆ. ಅದಕ್ಕೆ ಗ್ರೀಸ್ ಬೇಕು. ಆದರೆ ಹಬ್ಬದೂಟಕ್ಕೆ ತುಪ್ಪ ಬಡಿಸಿದ ಹಾಗೆ ಬಳಿಯಬಾರದು. ಕೆಳಗಿನ ಮೂರನೇ ಎರಡು ಭಾಗಕ್ಕೆ ತೆಳ್ಳಗೆ, ಮೇಲಿನ ಒಂದು ಗೇಣು ಹೆಚ್ಚುಕಡಿಮೆ ಒಣಗಿಯೇ ಇರಲಿ. ತಿರುಗುವ ತಂತಿ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ. ಅದು ಮೀಟರಿನೊಳಗೆ ಹೋಗಿ ಸೂಜಿ ತಿರುಗಿಸುವ ಅಯಸ್ಕಾಂತದ ಬಟ್ಟಲಿಗೆ ಅಂಟಿತೆಂದರೆ ನಿಂತ ಗಾಡಿಯೂ 80ರಲ್ಲಿ ಓಡುತ್ತದೆ. ಮಾರುವವರಿಗೆ ಇದೂ ಒಂದು ಲಾಭವೇ.

ಮೀಟರ್ ಬಿಚ್ಚುವುದು ತಾಳ್ಮೆಯ ಕೆಲಸ. ಗಾಜಿನ ಸುತ್ತ ಮಡಿಸಿದ ತಗಡಿನ ಅಂಚನ್ನು ಸಣ್ಣ ಸ್ಕ್ರೂ ಡ್ರೈವರಿನಿಂದ ಒಂದೇ ಕಡೆ ಎಬ್ಬಿಸದೆ ಸುತ್ತಲೂ ಸ್ವಲ್ಪ ಸ್ವಲ್ಪವೇ ಎತ್ತುತ್ತ ಹೋಗಬೇಕು. ಸೂಜಿ ಕೀಳುವ ಮೊದಲು ಅದು ನಿಂತ ಜಾಗ ಗುರುತು ಮಾಡಿಕೊಳ್ಳಿ. ಒಳಗೆ ಅಂಕಿಯ ಉರುಳೆಗಳು, ಪಕ್ಕದಲ್ಲಿ ಚೂರು ಚೂರು ನೈಲಾನ್ ಗೇರು. ಸೂಜಿಗೂ ಕೇಬಲಿಗೂ ನೇರ ಸಂಬಂಧವಿಲ್ಲ, ನಡುವೆ ಇರುವುದು ಅಯಸ್ಕಾಂತದ ಎಳೆತ ಮಾತ್ರ. ಅಂಕಿಗೆ ಮಾತ್ರ ಹಲ್ಲಿಗೆ ಹಲ್ಲು ಕೊಟ್ಟ ಸಂಬಂಧ. ಆದ್ದರಿಂದಲೇ ಮೊದಲು ಸವೆಯುವುದೂ ಅದೇ. ಗೇರು ಬಿರಿದಿರುತ್ತದೆ, ಇಲ್ಲವೇ ಶಾಫ್ಟಿನ ಮೇಲೆ ಸಡಿಲವಾಗಿ ಸುಮ್ಮನೆ ಜಾರುತ್ತದೆ. ಜಾರುತ್ತಿದ್ದರೆ ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು ಸೂಜಿಮೊನೆಯಷ್ಟು ಹಚ್ಚಿ ಒಂದು ರಾತ್ರಿ ಬಿಡಿ. ಕ್ಷಣದಲ್ಲಿ ಹಿಡಿಯುವ ಗೋಂದು ಬೇಡ, ಅದರ ಆವಿ ಅಂಕಿಗಳ ಮೇಲೆಲ್ಲ ಬೂದಿ ಬಳಿದಂತೆ ಬಿಳಿಚುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ, ಗುಂಡುಸೂಜಿಯ ತುದಿಯಲ್ಲಿ. ಎಣ್ಣೆಯ ಸ್ಪ್ರೇ ಹೊಡೆದಿರೋ, ಡಯಲ್ಲಿನ ಬಣ್ಣವೂ ಎದ್ದು ಬರುತ್ತದೆ.

ಒಂದು ಉರುಳೆ 9ರಿಂದ 0ಗೆ ಹೊರಳುವಾಗ ಪಕ್ಕದ್ದನ್ನು ಒಂದು ಹೆಜ್ಜೆ ತಳ್ಳಬೇಕು. 19,999ರಿಂದ 20,000ಕ್ಕೆ ಹೋಗುವಾಗ ಐದಕ್ಕೆ ಐದೂ ಒಟ್ಟಿಗೆ ಹೊರಳಬೇಕು. ಜಿಡ್ಡು ಒಣಗಿದ ಮೀಟರ್ ಸೋಲುವುದು ಇಂಥ ಹೊತ್ತಲ್ಲೇ. ಹಾಗಾಗಿ ಅಂಕಿಗಳು ಸಾಲಾಗಿ ನಿಲ್ಲದೆ ಅರ್ಧ ಮೇಲೆ, ಅರ್ಧ ಕೆಳಗೆ ಇಣುಕುತ್ತಿದ್ದರೆ ಗಾಡಿ ನಿಜ ಹೇಳಲು ಒದ್ದಾಡಿ ಸತ್ತಿದೆ ಎಂದು ತಿಳಿಯಿರಿ. 99,999 ದಾಟಿದ್ದಕ್ಕೆ ಪುನರ್ಜನ್ಮ, ಮತ್ತೆ 00000. ಆ ಯೋಗ ಬಂದ ಗಾಡಿಗಳನ್ನು ‘ಹೊಸ ಗಾಡಿ ಸಾರ್, ರನ್ನಿಂಗೇ ಆಗಿಲ್ಲ’ ಎಂದು ಮಾರುತ್ತಾರೆ.

ಜೋಡಿಸುವ ಮೊದಲು ಡ್ರಿಲ್ಲಿಗೆ ಹಳೆಯ ಒಳತಂತಿಯ ತುಂಡು ಸಿಕ್ಕಿಸಿ ಮೀಟರ್ ತಿರುಗಿಸಿ ನೋಡಬಹುದು. ಜಪಾನಿ ಮೂಲದ ಬೈಕ್ ಮೀಟರುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 1,400 ಸುತ್ತು ಎಂದರೆ ಗಂಟೆಗೆ 60 ಕಿ.ಮೀ., ಅಂದರೆ ಕಿಲೋಮೀಟರಿಗೆ 1,400 ಸುತ್ತು. ಸೂಜಿ ಸೊನ್ನೆಯ ಕಡೆಗೇ ಒತ್ತಿಕೊಂಡರೆ ಡ್ರಿಲ್ ಉಲ್ಟಾ ತಿರುಗುತ್ತಿದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರು. ಒಂದು ಸಲ ಹೋಗುವಷ್ಟರಲ್ಲಿ ಆ ಬಡಪಾಯಿ ತಂತಿ 84 ಸಾವಿರ ಸಲ ಸುತ್ತಿ ಲೆಕ್ಕ ಒಪ್ಪಿಸುತ್ತದೆ. ಅಷ್ಟು ಪ್ರಾಮಾಣಿಕ ಗುಮಾಸ್ತ ಬೇರೆ ಯಾವ ಕಚೇರಿಯಲ್ಲಿದ್ದಾನೆ?

ಗೇಲಿ ಸಾಕು. ಮೊದಲ ಸಂಬಳದಲ್ಲಿ ಗಾಡಿ ಕೊಳ್ಳುವ ಹುಡುಗ ಆ 22 ಸಾವಿರ ನಂಬಿಯೇ ದುಡ್ಡು ಕೊಡುತ್ತಾನೆ. ತಿಂಗಳು ಕಳೆಯುವುದರೊಳಗೆ ಕ್ಲಚ್ ಪ್ಲೇಟು, ಟೈಮಿಂಗ್ ಚೈನು, ಪಿಸ್ಟನ್ನು. ಆಯಿಲ್ ಯಾವಾಗ ಬದಲಿಸಬೇಕೆಂದು ಲೆಕ್ಕವಿಡಲು ಮೀಟರಿಲ್ಲ. ಆಗುಂಬೆ ತಿರುವಿಗೆ ಮಂಜಿನಲ್ಲಿ ಎಷ್ಟು ವೇಗದಲ್ಲಿ ಇಳಿಯುತ್ತಿದ್ದೇನೆಂದು ನೋಡಲು ಸೂಜಿ ಇಲ್ಲ. ಇದು ಸುಳ್ಳು ಎಂದು ಮಾರುವವನಿಗೆ ಗೊತ್ತು, ದಲ್ಲಾಳಿಗೆ ಗೊತ್ತು, ಮೆಕ್ಯಾನಿಕ್ಕಿಗೆ ಗೊತ್ತು, ಕಾಗದಕ್ಕೆ ಸೀಲು ಒತ್ತುವವರಿಗೂ ಗೊತ್ತು. ಆ ಹುಡುಗನಿಗೆ ಮಾತ್ರ ಯಾರೂ ಹೇಳುವುದಿಲ್ಲ. ಇದಕ್ಕೆ ಮೋಸ ಅಂತಲೇ ಹೆಸರು. ವ್ಯಾಪಾರ ಅಂತ ಕರೆದು ಕರೆದು ನಮಗೇ ಸಾಕಾಗಿದೆ.

ಕೊನೆಗೆ ಯಾರೋ ಒಬ್ಬ ಮನಸ್ಸು ಮಾಡಿ ಮೀಟರ್ ರಿಪೇರಿಗೆ ಕೊಟ್ಟ ಎನ್ನಿ. ಗೇರು ಬದಲಾಯಿತು, ಕೇಬಲ್ ಬಂತು, ಗಾಜಿನಡಿಗೆ ಹೊಸ ರಬ್ಬರ್ ರಿಂಗ್ ಕೂತಿತು. ತೇವ ಆರಲೆಂದು ಒಂದು ದಿನ ಅಡಿಕೆ ಒಣಗಿಸುವ ಅಟ್ಟದ ಬೆಚ್ಚಗೆಯಲ್ಲಿ ಇಟ್ಟದ್ದೂ ಆಯಿತು. ಉರುಳೆಗಳು ಕೈಯಲ್ಲಿ ಬಿಡಿಬಿಡಿಯಾಗಿವೆ, ಯಾವ ಅಂಕಿಗೆ ಬೇಕಾದರೂ ತಿರುಗುತ್ತವೆ. ಆಗ ರಿಪೇರಿಯವನು ತಲೆಯೆತ್ತಿ, ಹೋಟೆಲ್ ಮಾಣಿಯ ವಿನಯದಲ್ಲಿ ಕೇಳುತ್ತಾನೆ:

‘ಎಷ್ಟಕ್ಕೆ ಇಡ್ಲಿ ಸಾರ್?’