ನಾಲೆ ಬಯಲಿನ ಗದ್ದೆ ಬ್ಯಾಂಕಿಗೆ ಬೇಡವಂತೆ

ಹೋದ ವರ್ಷ ಊರಿಗೆ ಬಂದಾಗ ಅಣ್ಣ ಹಜಾರದಲ್ಲಿ ತಗಡಿನ ಟ್ರಂಕು ತೆಗೆದು ಕೂತಿದ್ದ. ಮದ್ದೂರಿನ ಹತ್ತಿರದ ಹಳ್ಳಿ ನಮ್ಮದು. ಪಹಣಿ, ಮುಟೇಷನ್, ಮನೆಯ ಇ-ಸ್ವತ್ತು, ಅಪ್ಪನ ಕಾಲದ ಕ್ರಯಪತ್ರ, ಒಂದೊಂದೇ ಕಾಗದ ನೆಲದ ಮೇಲೆ ಹರಡುತ್ತಿದ್ದ. ಕ್ರಯಪತ್ರ ಮಡಿಸಿದ ಕಡೆಯೆಲ್ಲಾ ಹರಿದು, ಅತ್ತಿಗೆ ಹಿಂದಿನಿಂದ ಸೆಲ್ಲೋಟೇಪ್ ಅಂಟಿಸಿದ್ದರು. ಅಣ್ಣನ ಮಗಳಿಗೆ ಎಂಬಿಬಿಎಸ್ ಸೀಟು ಸಿಕ್ಕಿತ್ತು. ಖಾಸಗಿ ಕಾಲೇಜು, ವರ್ಷಕ್ಕೆ 12 ಲಕ್ಷದ ಹತ್ತಿರ ಫೀಸು.

ಅವಳಿಗೆ ಇದು ಎರಡನೇ ಡಿಗ್ರಿ. ಮೈಸೂರಿನಲ್ಲಿ ಲ್ಯಾಬ್ ಟೆಕ್ನಾಲಜಿಯಲ್ಲಿ ಬಿ.ಎಸ್ಸಿ ಮುಗಿಸಿ, ಅಲ್ಲೇ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಎರಡು ವರ್ಷ ಕೆಲಸ ಮಾಡಿದವಳು. ರಾತ್ರಿ ಪಾಳಿ ಮುಗಿಸಿ ಬಂದು ನೀಟ್‌ಗೆ ಓದುತ್ತಿದ್ದಳು. "ಒಂದು ಡಿಗ್ರಿ ಆಯ್ತಲ್ಲಾ, ಇನ್ನೂ ಯಾಕೆ?" ಅಂತ ಊರಲ್ಲಿ ಕೇಳದವರಿಲ್ಲ. ನನಗೆ ಆ ಮಾತು ಕೇಳಿದರೆ ಸಂಕಟವಾಗುತ್ತದೆ. ಹದಿನೇಳು ವರ್ಷಕ್ಕೆ ಅಪ್ಪ-ಅಮ್ಮ ಹೇಳಿದರು ಅಂತ ಡಾಕ್ಟರಾಗಲು ಹೊರಡುವವರಿಗಿಂತ, ರೋಗಿಗಳನ್ನು ದಿನಾ ನೋಡಿ, ಇದೇ ನನಗೆ ಬೇಕು ಅಂತ ತಿಳಿದು ಬಂದವಳು ಅವಳು.

ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಇಲ್ಲಿನ ವಾರಿಕ್ ಮೆಡಿಕಲ್ ಸ್ಕೂಲಿಗೆ ಸೇರಬೇಕಾದರೆ ಮೊದಲೇ ಒಂದು ಡಿಗ್ರಿ ಆಗಿರಲೇಬೇಕು. ಇತಿಹಾಸ ಓದಿದವರಾದರೂ ಸರಿ. ಕೋರ್ಸು ನಾಲ್ಕೇ ವರ್ಷ. ಈ ದೇಶದಲ್ಲಿ ಇಂಥ ಕೋರ್ಸು 2000ನೇ ಇಸವಿಯಲ್ಲಿ ಶುರುವಾಯಿತು. ನಮ್ಮ ಪಕ್ಕದ ಮನೆಯ ಹುಡುಗಿ ಅಲ್ಲಿ ಓದುತ್ತಿದ್ದಾಳೆ. ಅವಳೂ ಲ್ಯಾಬಿನಲ್ಲಿ ಕೆಲಸ ಮಾಡಿದವಳೇ. ಮೊದಲ ವರ್ಷ ಕೈಯಿಂದ 3,465 ಪೌಂಡ್ ಕಟ್ಟಿದಳು, ನಮ್ಮ ಲೆಕ್ಕದಲ್ಲಿ ಸುಮಾರು 4 ಲಕ್ಷ ರೂಪಾಯಿ. ಉಳಿದ ಫೀಸಿಗೆ ಸರ್ಕಾರಿ ಸಾಲ. ಎರಡನೇ ವರ್ಷದಿಂದ ಫೀಸಿನಲ್ಲಿ ಒಂದು ಪಾಲನ್ನು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ಸೇ ಕಟ್ಟುತ್ತದೆ, ಮಿಕ್ಕಿದ್ದಕ್ಕೆ ಮತ್ತೆ ಸಾಲ. ಅವಳಪ್ಪ ಬಸ್ ಡ್ರೈವರು. ಅವರ ಮನೆ ಪತ್ರ ಯಾರೂ ಕೇಳಲಿಲ್ಲ. ಮಗಳಿಗೆ 25 ದಾಟಿದ್ದರಿಂದ ಖರ್ಚಿನ ಸಾಲಕ್ಕೂ ಅಪ್ಪನ ಆದಾಯ ಲೆಕ್ಕಕ್ಕೆ ಬರಲಿಲ್ಲ.

ತೀರಿಸುವ ಕ್ರಮವನ್ನೂ ನೋಡಿ. 2023ರ ಆಗಸ್ಟ್ ನಂತರ ಶುರುವಾದ ಕೋರ್ಸುಗಳಿಗೆ, ವರ್ಷದ ಸಂಬಳ 25,000 ಪೌಂಡ್ ದಾಟಿದರೆ, ದಾಟಿದ ಮೊತ್ತದ ಮೇಲೆ ಮಾತ್ರ ಶೇಕಡಾ 9 ಹಿಡಿಯುತ್ತಾರೆ. ತೆರಿಗೆ ಹಿಡಿದ ಹಾಗೆ ಸಂಬಳದಲ್ಲೇ ಹಿಡಿಯುತ್ತಾರೆ. ಕೆಲಸ ಹೋಯಿತು ಅಂದರೆ ಕಂತೂ ನಿಂತಿತು. 40 ವರ್ಷ ಆದ ಮೇಲೆ ಬಾಕಿ ಎಷ್ಟಿದ್ದರೂ ಮನ್ನಾ.

ಹಾಗಂತ ಇಲ್ಲಿನದೆಲ್ಲಾ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ನಾಲ್ಕು ವರ್ಷದ ಕೋರ್ಸಿನಲ್ಲಿ ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಅದು ಸಿಗದೆ ಮಾಮೂಲಿ ಐದು ವರ್ಷದ ಕೋರ್ಸಿಗೆ ಸೇರಿದ ಪದವೀಧರರಿಗೆ, ನಿಮಗೆ ಆಗಲೇ ಒಂದು ಡಿಗ್ರಿ ಇದೆಯಲ್ಲಾ ಅಂತ ಫೀಸಿನ ಸಾಲವನ್ನೇ ಕೊಡುವುದಿಲ್ಲ. ಮೊದಲ ನಾಲ್ಕು ವರ್ಷ ಪೂರ್ತಿ ಕೈಯಿಂದಲೇ ಕಟ್ಟಬೇಕು. ಈ ವಿಷಯದಲ್ಲಿ ನಮ್ಮ ಮಂಡ್ಯವೇ ಮೇಲು. ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಮಿಮ್ಸ್‌ನಲ್ಲಾಗಲಿ, 1924ರಿಂದ ಇರುವ ಮೈಸೂರು ಮೆಡಿಕಲ್ ಕಾಲೇಜಿನಲ್ಲಾಗಲಿ ಸರ್ಕಾರಿ ಸೀಟು ಸಿಕ್ಕಿದರೆ, ಪಿಯುಸಿಯಿಂದ ನೇರ ಬಂದವರಿಗೂ ಡಿಗ್ರಿ ಮುಗಿಸಿ ಬಂದವರಿಗೂ ಫೀಸು ಒಂದೇ, ಅದೂ ವರ್ಷಕ್ಕೆ ಲಕ್ಷದೊಳಗೆ. 2022ರಲ್ಲಿ ನೀಟ್‌ನ ವಯಸ್ಸಿನ ಮಿತಿಯನ್ನೂ ತೆಗೆದರು. ಬಾಗಿಲು ತೆರೆದೇ ಇದೆ. ಆದರೆ ಆ ಸೀಟು ಸ್ವಲ್ಪದರಲ್ಲಿ ತಪ್ಪಿದರೆ ಮುಂದಿನ ದಾರಿಯೇ ಬೇರೆ.

ಆ ದಾರಿ ಹೇಗಿರುತ್ತದೆ ಅಂತ ಅವತ್ತು ಅಣ್ಣನ ಜೊತೆ ಬ್ಯಾಂಕಿಗೆ ಹೋದಾಗ ನೋಡಿದೆ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ. ಅಣ್ಣ ಪಹಣಿ ಮುಂದಿಟ್ಟ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಎರಡು ಎಕರೆ, ಕಬ್ಬು ನಿಂತಿತ್ತು. ಮ್ಯಾನೇಜರು ಕಾಗದವನ್ನು ತಿರುವಿಯೂ ನೋಡದೆ ಹಿಂದಕ್ಕೆ ತಳ್ಳಿದರು. "ವ್ಯವಸಾಯದ ಜಮೀನು ಆಗಲ್ಲ, ಸೈಟು ಮನೆ ಏನಾದ್ರೂ ಇದ್ರೆ ತನ್ನಿ" ಅಂದರು. ಅವರ ಕಷ್ಟಕ್ಕೂ ಕಾರಣವಿದೆ. ಸಾಲ ಕಟ್ಟದಿದ್ದರೆ ಬ್ಯಾಂಕು ಕೋರ್ಟಿಗೆ ಹೋಗದೆ ಆಸ್ತಿ ಜಪ್ತಿ ಮಾಡುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಹಳ್ಳಿ ಮನೆಗೆ ಅವರು ಕಟ್ಟಿದ ಬೆಲೆ ಒಂದು ವರ್ಷದ ಫೀಸಿಗೂ ಸಾಲುತ್ತಿರಲಿಲ್ಲ. ಹೊರಗೆ ಬಂದು ಅಣ್ಣ ಅಂದ: "ಅಪ್ಪ ಈ ಗದ್ದೆಲೇ ನಮ್ಮನ್ನೆಲ್ಲಾ ಓದ್ಸುದ್ರು ಕಣೋ. ಇವತ್ತು ಇದುಕ್ಕೆ ಬೆಲೆನೇ ಇಲ್ವಂತೆ."

ಕೊನೆಗೆ ಮೈಸೂರಿನ ಕುವೆಂಪುನಗರದಲ್ಲಿರುವ ಅಕ್ಕ-ಭಾವ ತಮ್ಮ ಮನೆ ಪತ್ರ ಕೊಟ್ಟರು. ಸಾಲ ಸಿಕ್ಕಿತು. ಓದುವಾಗಲೇ ಬಡ್ಡಿ ಬೆಳೆಯದಿರಲಿ ಅಂತ ತಿಂಗಳು ತಿಂಗಳು ಬಡ್ಡಿ ಭಾಗ ನಾನು ಕಳಿಸುತ್ತಿದ್ದೇನೆ. ಮೈಸೂರಲ್ಲಿ ಮನೆ ಇರುವ ಅತ್ತೆ, ಪೌಂಡಿನಲ್ಲಿ ದುಡಿಯುವ ಚಿಕ್ಕಪ್ಪ ಇಲ್ಲದ ಹುಡುಗಿಯರು ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನ ಇದ್ದಾರೋ! ಅವರು ಕೌನ್ಸೆಲಿಂಗ್‌ನಲ್ಲೇ ಸೀಟು ಬಿಟ್ಟು ಬರುತ್ತಾರೆ.

ನನ್ನ ಕೋರಿಕೆ ಇಷ್ಟೇ. ನೀಟ್‌ನಲ್ಲಿ ಗೆದ್ದು ಸೀಟು ಪಡೆದವರ ಸಾಲಕ್ಕೆ ರಾಜ್ಯ ಸರ್ಕಾರವೇ ಜಾಮೀನು ನಿಲ್ಲಲಿ. ವಸೂಲಿ ಅವರವರ ಸಂಬಳದಿಂದ ಆಗಲಿ. ಪ್ಯಾನ್ ಇದೆ, ಟಿಡಿಎಸ್ ಇದೆ. ಸಂಬಳದಲ್ಲಿ ತೆರಿಗೆ ಹಿಡಿಯಲು ಬರುವ ಸರ್ಕಾರಕ್ಕೆ ಕಂತು ಹಿಡಿಯಲು ಬರುವುದಿಲ್ಲವೇ? ಸಾಲ ಮನ್ನಾ ಮಾಡಿ ಅಂತ ನಾನು ಕೇಳುತ್ತಿಲ್ಲ. ಓದಿದವಳ ಸಾಲ ಓದಿದವಳ ಹೆಸರಲ್ಲೇ ಇರಲಿ, ಮನೆಯವರ ಸೂರಿನ ಮೇಲೆ ಬೇಡ.

ಮೊನ್ನೆ ಭಾನುವಾರ ಅಣ್ಣನ ಮಗಳು ಅಕ್ಕನ ಮನೆಯಿಂದಲೇ ಫೋನ್ ಮಾಡಿದ್ದಳು. ಮಾರನೇ ದಿನ ಅನಾಟಮಿ ಇಂಟರ್ನಲ್ಸ್. ದನಿ ತಗ್ಗಿಸಿ ಮಾತಾಡುತ್ತಿದ್ದಳು. "ಚಿಕ್ಕಪ್ಪ, ಅತ್ತೆ ಊಟ ಬಡಿಸುವಾಗ ತಲೆ ಎತ್ತಿ ಸೂರು ನೋಡ್ತೀನಿ. ನಾನು ಫೇಲಾದ್ರೆ ಇದು ಹೋಗುತ್ತಲ್ಲಾ ಅನ್ಸುತ್ತೆ. ಅತ್ತೆ ಏನೂ ಅನ್ನಲ್ಲ, ಇನ್ನೊಂದು ಮುದ್ದೆ ಹಾಕ್ಲಾ ಅಂತಾರೆ."