ಕಾರೇ ಗೆಲ್ಲಿಸುತ್ತೆ ಅನ್ನೋರಿಗೆ

ಫಾರ್ಮುಲಾ ಒನ್ ಇರುವ ಭಾನುವಾರ ನಮ್ಮ ಗೆಳೆಯರ ಗುಂಪಿನಲ್ಲಿ ಈ ಜಗಳ ತಪ್ಪಿದ್ದಲ್ಲ. ಯುರೋಪಿನ ರೇಸು ಸಂಜೆ ಆರೂವರೆಗೆ ಶುರು, ಎಂಟೂವರೆ ಹೊತ್ತಿಗೆ ಮುಗೀತು, ಆಮೇಲೆ ಬನಶಂಕರಿಯ ದರ್ಶಿನಿ ಮುಂದೆ ನಿಂತು ಬಾಗಿಲು ಹಾಕೋವರೆಗೂ ವಾದ. “ಒಳ್ಳೆ ಕಾರು ಕೊಟ್ರೆ ಯಾರ್ ಬೇಕಾದ್ರೂ ಗೆಲ್ತಾರೆ ಮಗಾ, ಎರಡು ಗಂಟೆ ಕೂತ್ಕೊಂಡು ಓಡಿಸಿ ಕೋಟಿಗಟ್ಟಲೆ ಎಣಿಸ್ತಾರೆ” ಅನ್ನೋದು ಒಂದು ಬಣ. ಇನ್ನೊಂದು ಬಣ ಜಿಮ್ ವಿಡಿಯೋ ತೋರಿಸಿ, ಕತ್ತಿಗೆ ಎಷ್ಟು ತೂಕ ಕಟ್ಕೊಂಡು ಎತ್ತುತ್ತಾರೆ ನೋಡು ಅನ್ನುತ್ತೆ. ನಾನು ಎರಡನೇ ಬಣದ ಜೊತೆ ನಿಲ್ಲುವವನೇ. ಆದರೆ ಅವರು ತೋರಿಸುವ ಪುರಾವೆ ಸಾಲದು ಅನ್ನೋದು ನನ್ನ ತಕರಾರು.

ಮೈಗೆ ಆಗುವ ಕಷ್ಟವೇನೂ ಸುಳ್ಳಲ್ಲ. ಜೋರಾಗಿ ಬ್ರೇಕ್ ಹಿಡಿದಾಗ ಸುಮಾರು 5 ಜಿ, ಅಂದ್ರೆ ಮೈ ತೂಕದ ಐದು ಪಟ್ಟು ಒತ್ತಡ ಬೀಳುತ್ತೆ. ಹೆಲ್ಮೆಟ್ ಸೇರಿ ತಲೆಯ ಭಾರ ಆರೇಳು ಕಿಲೋ ಅಂದುಕೊಂಡರೂ ಆ ಗಳಿಗೆಯಲ್ಲಿ ಕತ್ತು ತಡೆಯಬೇಕಾದ್ದು ಮೂವತ್ತು ಕಿಲೋಗೂ ಹೆಚ್ಚು. ಬ್ರೇಕ್ ಪೆಡಲ್ ಮೇಲೆ ಎಡಗಾಲು ಹಾಕುವ ಭಾರ ನೂರು ಕಿಲೋ ದಾಟುತ್ತೆ, ಅದೂ ಪ್ರತಿ ಲ್ಯಾಪಿನಲ್ಲೂ (ಟ್ರ್ಯಾಕಿನ ಒಂದು ಸುತ್ತು) ಅಳತೆ ತಪ್ಪದ ಹಾಗೆ. 2023ರ ಕತಾರ್ ರೇಸಿನ ಧಗೆಯಲ್ಲಿ ಎಸ್ಟೆಬಾನ್ ಓಕಾನ್ ಹೆಲ್ಮೆಟ್ ಒಳಗೇ ವಾಂತಿ ಮಾಡಿಕೊಂಡು, ಆದರೂ ಓಡಿಸಿ ಏಳನೆಯವನಾಗಿ ಬಂದ. ಲೋಗನ್ ಸಾರ್ಜೆಂಟ್ ಕೈಲಾಗದೆ ಅರ್ಧಕ್ಕೆ ಕಾರು ನಿಲ್ಲಿಸಿದ. ಇಷ್ಟು ಕಂಡಮೇಲೂ ಸುಮ್ನೆ ಕೂತ್ಕೊಂಡು ಓಡಿಸ್ತಾರೆ ಅನ್ನುವವರಿಗೆ ನಾನು ಹೇಳೋದು ಬೇರೇನೂ ಇಲ್ಲ.

ಹುಟ್ಟು ಪ್ರತಿಭೆ ಅನ್ನೋ ಮಾತು ಮಾತ್ರ ನನಗೆ ಸಿಟ್ಟು ಬರಿಸುತ್ತೆ. ಅದಕ್ಕೆ ಎಲ್ಲರೂ ಕೊಡುವ ಉದಾಹರಣೆ ಬ್ರೆಜಿಲಿನ ವಿಶ್ವ ಚಾಂಪಿಯನ್ ಅಯರ್ಟನ್ ಸೆನ್ನಾ, ಮಳೆ ಬಂದರೆ ಅವನನ್ನು ಹಿಡಿಯೋರೇ ಇರಲಿಲ್ಲ ಅಂತ. ಆ ಸೆನ್ನಾ ಹುಡುಗನಾಗಿದ್ದಾಗ ಕಾರ್ಟಿಂಗಿನಲ್ಲಿ (ಪುಟ್ಟ ಗಾಡಿಗಳ ರೇಸು) ಮಳೆಯ ರೇಸೊಂದರಲ್ಲಿ ಹೀನಾಯವಾಗಿ ಸೋತಿದ್ದ. ಆಮೇಲೆ ಸಾವೊ ಪಾಲೊದಲ್ಲಿ ಮಳೆ ಸುರಿದಾಗಲೆಲ್ಲ ಕಾರ್ಟ್ ತಗೊಂಡು ಟ್ರ್ಯಾಕಿಗೆ ಇಳಿದ. ಮಳೆಯಲ್ಲಿ ಅವನು ಮಿಂಚಿದ 1984ರ ಮೊನಾಕೊ, 1993ರ ಡೋನಿಂಗ್ಟನ್ ರೇಸುಗಳು, ಇವೆಲ್ಲ ಆ ನೆನೆದ ಮಧ್ಯಾಹ್ನಗಳ ಫಲ. ಅದೇ 1984ರಲ್ಲಿ ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ ಆರನೆಯವನಾಗಿ ಮುಗಿಸಿ ಕಾರಿನಿಂದ ಏಳಲಾರದಷ್ಟು ಸುಸ್ತಾಗಿದ್ದ. ಅಲ್ಲಿಂದಾಚೆಗೆ ನುನೊ ಕೋಬ್ರಾ ಅನ್ನುವ ತರಬೇತುದಾರನ ಕೈಲಿ ಮೈಯನ್ನು ಹೊಸದಾಗಿ ಕಟ್ಟಿಕೊಂಡ.

ಈಗ 2024ರಲ್ಲಿ ಇಟಲಿಯ ಇಮೋಲಾದಲ್ಲಿ ನಡೆದ ರೇಸಿಗೆ ಬರೋಣ. ನನ್ನ ಪ್ರಕಾರ ಈ ವಾದ ಅಲ್ಲಿಗೇ ಇತ್ಯರ್ಥವಾಗಬೇಕು. ಶುಕ್ರವಾರ ಎರಡೂ ಪ್ರ್ಯಾಕ್ಟೀಸಿನಲ್ಲಿ ಫೆರಾರಿಯ ಲೆಕ್ಲರ್ಕ್ ಮುಂದೆ, ರೆಡ್ ಬುಲ್ ತಂಡದ ವರ್ಸ್ಟಾಪನ್ ಕಾರು ಮಾತು ಕೇಳ್ತಿಲ್ಲ. ಆ ರಾತ್ರಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ರೆಡ್ ಬುಲ್ ಸಿಮ್ಯುಲೇಟರ್ (ಕಾರಿನ ಹಾಗೇ ವರ್ತಿಸುವ ಯಂತ್ರ) ಮೇಲೆ ಕೂತವನು ಸೆಬಾಸ್ಟಿಯನ್ ಬ್ಯೂಮಿ. ಹಿಂದೆ ಫಾರ್ಮುಲಾ ಒನ್ ಓಡಿಸಿದವನು. ಲ್ಯಾಪ್ ಮೇಲೆ ಲ್ಯಾಪ್ ಹಾಕಿ, ಕಾರಿನ ಒಂದೊಂದು ಸೆಟಪ್, ಅಂದ್ರೆ ಹೊಂದಾಣಿಕೆ, ಬದಲಿಸಿ, ಏನು ಸರಿಹೋಯ್ತು ಏನು ಕೆಟ್ಟಿತು ಅಂತ ಇಟಲಿಯಲ್ಲಿದ್ದ ಎಂಜಿನಿಯರುಗಳಿಗೆ ತಿಳಿಸಿದ. ಶನಿವಾರ ವರ್ಸ್ಟಾಪನ್‌ಗೆ ಸತತ ಎಂಟನೇ ಪೋಲ್ (ಎಲ್ಲರಿಗಿಂತ ಮುಂದೆ ನಿಂತು ರೇಸು ಹೊರಡುವ ಜಾಗ), ಅಲ್ಲಿಗೆ ಸೆನ್ನಾ ದಾಖಲೆಗೆ ಸಮ. ಭಾನುವಾರ ಮೆಕ್ಲಾರೆನ್ ತಂಡದ ನೊರಿಸ್‌ನನ್ನು 0.725 ಸೆಕೆಂಡಿನಲ್ಲಿ ಹಿಂದಿಟ್ಟು ಗೆಲುವು. ವೇದಿಕೆ ಮೇಲೆ ಬ್ಯೂಮಿ ಇರಲಿಲ್ಲ, ಹೈಲೈಟ್ಸ್ ನೋಡಿದವರಿಗೆ ಅವನ ಹೆಸರೂ ಗೊತ್ತಿಲ್ಲ.

ಅದೇ ವಾರಾಂತ್ಯ ವರ್ಸ್ಟಾಪನ್ ಇನ್ನೊಂದು ಕೆಲಸ ಮಾಡಿದ್ದ. ಇಮೋಲಾದಲ್ಲಿ ಕೂತೇ, ಆನ್‌ಲೈನಿನಲ್ಲಿ ನಡೆದ ನ್ಯೂರ್ಬರ್ಗ್‌ರಿಂಗ್ 24 ಗಂಟೆಗಳ ರೇಸಿನಲ್ಲಿ ತನ್ನ ತಂಡದ ಜೊತೆ ಪಾಳಿ ಹಂಚಿಕೊಂಡು ಓಡಿಸಿ ಅದನ್ನೂ ಗೆದ್ದ. “ನೋಡಿದ್ಯಾ, ರಾತ್ರಿ ವಿಡಿಯೋ ಗೇಮ್ ಆಡ್ಕೊಂಡು ಬೆಳಗ್ಗೆ ರೇಸ್ ಗೆಲ್ತಾನೆ, ಎಲ್ಲಿ ಬಂತು ಶ್ರಮ?” ಅಂತ ನಮ್ಮವರು ಇದನ್ನೇ ಹಿಡಿದುಕೊಂಡು ಕೇಳ್ತಾರೆ. ನಾನಂತೂ ಇದನ್ನೇ ಶ್ರಮ ಅಂತೀನಿ. ಟೈರು ಬಿಸಿಯಾಗೋದು, ಹಿಂದಿನ ಕಾರಿನವನು ಎಲ್ಲಿ ನುಗ್ಗಬಹುದು ಅನ್ನೋದು, ಇದೆಲ್ಲ ಅವನ ತಲೆಯಲ್ಲಿ ರೇಸ್ ಇಲ್ಲದ ದಿನವೂ ಓಡ್ತಾನೇ ಇರುತ್ತೆ. ಮುಖ ಕಿವುಚಿಕೊಂಡು ಮಾಡಿದ್ದು ಮಾತ್ರ ದುಡಿಮೆ, ಇಷ್ಟಪಟ್ಟು ಮಾಡಿದ್ದು ಮೋಜು ಅನ್ನೋ ಲೆಕ್ಕ ನಮ್ಮಲ್ಲಿ ಯಾಕೆ ಬಂತೋ ಗೊತ್ತಿಲ್ಲ. ಸಂಗೀತಗಾರ ರಾತ್ರಿ ಕೂತು ಇನ್ನೊಂದು ರಾಗ ನುಡಿಸಿದರೆ ಅದನ್ನು ಸಾಧನೆ ಅಂತೀವಲ್ಲ.

ಇದರ ಬೇರು ನಾನು ಕಂಡಿದ್ದು ನಮ್ಮ ಊರಿನದೇ ಕಾರ್ಟಿಂಗ್ ಟ್ರ್ಯಾಕಿನಲ್ಲಿ. ಹತ್ತು ವರ್ಷದ ಒಬ್ಬ ಹುಡುಗ ಗಾಡಿ ಸರಿಮಾಡುವ ಜಾಗವಾದ ಪಿಟ್‌ಗೆ ಬಂದು, ಹೆಲ್ಮೆಟ್ ತೆಗೆದು, ನೀರು ಕುಡಿಯೋ ಮೊದಲೇ ಟೈರಿನ ಗಾಳಿ ಅಳೆದ. ನಾಲ್ಕೂ ಟೈರಿನ ಅಂಕಿ ಗೀಟಿನ ನೋಟ್‌ಬುಕ್ಕಿನಲ್ಲಿ ಬರೆದ. ಎಂಜಿನ್ ಗ್ರೀಸು ಮೆತ್ತಿದ ಬೆರಳಿನ ಗುರುತು ಪುಟದ ತುಂಬಾ. “ಮೂರನೇ ಟರ್ನಿನಲ್ಲಿ ಏನಾಯ್ತು?” ಅಂತ ಮೆಕ್ಯಾನಿಕ್ ಕೇಳಿದ. “ಒಳಗೆ ಹೋಗೋವಾಗ ಹಿಂದುಗಡೆ ಜಾರುತ್ತೆ ಅಣ್ಣ, ಗ್ಯಾಸ್ ಕೊಟ್ಟ ಮೇಲೆ ಸರಿಹೋಗುತ್ತೆ” ಅಂದ ಹುಡುಗ. ಮೆಕ್ಯಾನಿಕ್ ತಲೆಯಾಡಿಸಿ ಸ್ಪ್ಯಾನರ್ ತಗೊಂಡ. ಎಲ್ಲಿ, ಯಾವ ಕ್ಷಣದಲ್ಲಿ, ಎಷ್ಟು ಜಾರಿತು ಅಂತ ಹೇಳಲು ಬರುವವನಿಗೇ ಕಾರು ಸರಿಮಾಡಿ ಕೊಡೋಕಾಗೋದು. ಬ್ಯೂಮಿ ಆ ರಾತ್ರಿ ಮಾಡಿದ್ದೂ ಇದನ್ನೇ.

ಇಲ್ಲೊಂದು ಕಹಿ ಮಾತೂ ಇದೆ, ಅದನ್ನು ಮುಚ್ಚಿಟ್ಟು ವಾದ ಮಾಡೋದು ನನಗೆ ಸರಿಕಾಣೋಲ್ಲ. ಆ ಹುಡುಗನಷ್ಟೇ ಚುರುಕಾದ ಸಾವಿರ ಮಕ್ಕಳು ಟ್ರ್ಯಾಕಿನ ಗೇಟಿನ ಹತ್ತಿರವೂ ಬರಲಾರರು. ಟೈರು, ಎಂಜಿನ್, ಪ್ರಯಾಣ ಎಲ್ಲದಕ್ಕೂ ದುಡ್ಡು ಬೇಕು. ನಮ್ಮ ಬೆಂಗಳೂರಿನ ರೇಸ್ ಚಾಲಕ ಕುಶ್ ಮೈನಿ ಬಗ್ಗೆ ಪೋಸ್ಟ್ ಬಂದಾಗಲೆಲ್ಲ ಕೆಳಗೆ “ಅಪ್ಪನ ದುಡ್ಡು” ಅನ್ನೋ ಕಾಮೆಂಟು ಇದ್ದೇ ಇರುತ್ತೆ. ಅನುಕೂಲಸ್ಥರ ಮನೆ ಹೌದು. ಆದರೆ 2016ರಲ್ಲಿ ಕೆಳಗಿನ ಮೆಟ್ಟಿಲಾದ ಇಟಲಿಯ ಫಾರ್ಮುಲಾ 4ಕ್ಕೆ ಹೋದ ಹುಡುಗ ಮೊನಾಕೊದಲ್ಲಿ, ಫಾರ್ಮುಲಾ ಒನ್ನಿಗಿಂತ ಒಂದೇ ಮೆಟ್ಟಿಲು ಕೆಳಗಿನ ಫಾರ್ಮುಲಾ 2ರ ಸ್ಪ್ರಿಂಟ್ (ಕಿರು ರೇಸು) ಗೆದ್ದಿದ್ದು 2025ರಲ್ಲಿ. ನಡುವಿನ ಒಂಬತ್ತು ವರ್ಷವನ್ನು ಯಾವ ಅಪ್ಪನೂ ಕೊಂಡು ತಂದುಕೊಡೋಕಾಗಲ್ಲ. ಅನುಕೂಲವನ್ನೂ ಒಪ್ಪಿ, ದುಡಿಮೆಯನ್ನೂ ಒಪ್ಪಿ ಮಾತಾಡೋದು ಅಷ್ಟು ಕಷ್ಟವೇ?

ಒಪ್ಪದವರು ಒಂದು ಕೆಲಸ ಮಾಡಿ. ಬರುವ ರೇಸಿನ ಭಾನುವಾರ ಬಿಡಿ, ಶುಕ್ರವಾರದ ಪ್ರ್ಯಾಕ್ಟೀಸ್ ಪೂರ್ತಿ ನೋಡಿ, ಚಾಲಕರು ರೇಡಿಯೋದಲ್ಲಿ ಎಂಜಿನಿಯರ್ ಹತ್ತಿರ ಏನೇನು ಹೇಳ್ತಾರೆ ಕೇಳಿಸಿಕೊಳ್ಳಿ. ಆಮೇಲೆ ಕಾಮೆಂಟಿಗೆ ಬನ್ನಿ, ವಾದ ಮಾಡೋಣ.