ಅಡುಗೆ ಶಾಲೆಗೆ ಹಾಕಿದ ದುಡ್ಡು ವಾಪಸ್ ಬರುತ್ತಾ? ಪರ ಮತ್ತು ವಿರೋಧ

ಅಡುಗೆಯನ್ನೇ ಹೊಟ್ಟೆಪಾಡು ಮಾಡಿಕೊಳ್ಳಬೇಕು ಅಂದುಕೊಂಡವರು ಮೊದಲು ಕೇಳುವ ಪ್ರಶ್ನೆ ಇದು. ದುಡ್ಡು ಸುರಿದು ಕ್ಯುಲಿನರಿ ಸ್ಕೂಲಿಗೆ ಸೇರಬೇಕಾ, ಅಥವಾ ಸೀದಾ ಯಾವುದಾದರೂ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುವುದರಿಂದ ಶುರು ಮಾಡಬೇಕಾ? ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ಎರಡನ್ನೂ ನಂಬಿಯೇ ಬರೆದಿದ್ದೇನೆ.

ಪರ: ಕಾರಣ ಗೊತ್ತಿದ್ದವರು ಬೇಗ ಮೇಲೆ ಹೋಗುತ್ತಾರೆ

ಒಂದು ದೊಡ್ಡ ಪಾತ್ರೆ ತುಂಬ ಸ್ಟಾಕ್, ಅಂದರೆ ಸೂಪು ಸಾಸುಗಳಿಗೆ ಬಳಸುವ ಸಾರು, ಇದೆ ಅಂದುಕೊಳ್ಳಿ. ಮೂಳೆ, ಈರುಳ್ಳಿ, ಕ್ಯಾರೆಟ್ ಹಾಕಿ ಸಣ್ಣ ಉರಿಯಲ್ಲಿ ದಿನವಿಡೀ ಬೇಯಿಸಿದ್ದು. ರಾತ್ರಿ ಹನ್ನೊಂದಾಗಿದೆ, ಎಲ್ಲರಿಗೂ ಮನೆಗೆ ಹೋಗುವ ಆತುರ. ಹೊಸಬ ಆ ಪಾತ್ರೆಯನ್ನು ಬಿಸಿಬಿಸಿ ಇರುವಾಗಲೇ ಎತ್ತಿ ಫ್ರಿಜ್‌ನಲ್ಲಿಟ್ಟು ಹೊರಡುತ್ತಾನೆ. ಬೆಳಿಗ್ಗೆ ಬಂದು ಸೌಟು ಇಳಿಸಿದರೆ ಮೇಲೆ ತಣ್ಣಗಿದೆ, ನಡುವೆ ಇನ್ನೂ ಬೆಚ್ಚಗಿದೆ. ರಾತ್ರಿಯಿಡೀ ಬೆಚ್ಚಗೇ ಇದ್ದ ಸ್ಟಾಕ್ ಅದು, ಆ ಬೆಚ್ಚಗೆಯಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ, ಅಷ್ಟನ್ನೂ ಚೆಲ್ಲಬೇಕು.

ಶಾಲೆಯಲ್ಲಿ ಇದನ್ನು ಶುರುವಿನಲ್ಲೇ ಹೇಳಿಕೊಡುತ್ತಾರೆ. 57 ಡಿಗ್ರಿ ಸೆಲ್ಸಿಯಸ್‌ನಿಂದ 21ಕ್ಕೆ 2 ಗಂಟೆಯೊಳಗೆ ಇಳಿಯಬೇಕು, ಅಲ್ಲಿಂದ 5ಕ್ಕೆ ಇನ್ನು 4 ಗಂಟೆಯೊಳಗೆ. ಅದಕ್ಕೇ ಅಗಲವಾದ ಟ್ರೇಗಳಿಗೆ ತೆಳ್ಳಗೆ ಸುರಿಯುವುದು, ಅದಕ್ಕೇ ಪಾತ್ರೆಯನ್ನು ಐಸ್ ನೀರಿನಲ್ಲಿ ಕೂರಿಸಿ ಕೈಯಾಡಿಸುವುದು. ಕೆಲಸದ ಜಾಗದಲ್ಲೂ ಇದನ್ನು ಕಲಿಯಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ "ಟ್ರೇಗೆ ಸುರಿ" ಅನ್ನುತ್ತಾರೆ ಅಷ್ಟೇ. ಯಾಕೆ ಅಂತ ಹೇಳಲು ಗಿರಾಕಿಗಳಿಗೆ ಊಟ ಕಳಿಸುವ ಗಡಿಬಿಡಿಯ ಮಧ್ಯೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಕಾರಣ ಗೊತ್ತಿದ್ದವರು ಮಾತ್ರ ಐಸ್ ಖಾಲಿಯಾದ ದಿನವೂ ಬೇರೆ ದಾರಿ ಹುಡುಕಬಲ್ಲರು. ಅಡುಗೆಮನೆಯ ಬೀಗದ ಕೈ ಕೊನೆಗೆ ಸೇರುವುದು ಅಂಥವರ ಕೈಗೇ.

ಇನ್ನೊಂದು ಲೆಕ್ಕದ ವಿಷಯ. ಹತ್ತು ಕಿಲೋ ತರಕಾರಿ ಬಂತು. ಸಿಪ್ಪೆ, ತೊಟ್ಟು, ಹಾಳಾದದ್ದು ಎಲ್ಲ ತೆಗೆದರೆ ಉಳಿದದ್ದು ಏಳೂವರೆ ಕಿಲೋ. ಅಂದರೆ ನೀವು ಬಳಸುವ ಪ್ರತಿ ಕಿಲೋದ ನಿಜವಾದ ಬೆಲೆ ಬಿಲ್ಲಿನಲ್ಲಿ ಇರುವುದಕ್ಕಿಂತ ಮೂರನೇ ಒಂದು ಪಾಲು ಜಾಸ್ತಿ. ಇದನ್ನು ಮರೆತು ಮೆನುವಿನ ದರ ಹಾಕಿದ ಹೋಟೆಲು ಗಿರಾಕಿ ತುಂಬಿದ್ದರೂ ನಷ್ಟದಲ್ಲಿ ಓಡುತ್ತದೆ. ಸೂ ಶೆಫ್ (ಮುಖ್ಯ ಶೆಫ್ ನಂತರದ ಹುದ್ದೆ) ಮತ್ತು ಅದಕ್ಕೂ ಮೇಲಿನ ಹುದ್ದೆಗಳಲ್ಲಿ ಒಲೆ ಮುಂದೆ ನಿಲ್ಲುವುದು ಕಡಿಮೆಯಾಗುತ್ತಾ ಹೋಗುತ್ತದೆ. ಆರ್ಡರ್, ದಾಸ್ತಾನು, ಶಿಫ್ಟ್ ಹಾಕುವುದು, ಫುಡ್ ಕಾಸ್ಟ್ ಹಿಡಿದಿಡುವುದು, ಇವೇ ಜಾಸ್ತಿ. ಹತ್ತು ವರ್ಷ ಚೆನ್ನಾಗಿ ಕೆಲಸ ಮಾಡಿಯೂ ಈ ಲೆಕ್ಕ ಬಾರದೆ ಅಡುಗೆಮನೆಯ ಒಂದೇ ಸ್ಟೇಷನ್ನಿನಲ್ಲಿ, ಅಂದರೆ ಒಂದೇ ಬಗೆಯ ಕೆಲಸದ ಜಾಗದಲ್ಲಿ, ನಿಂತುಹೋದ ಎಷ್ಟೋ ಒಳ್ಳೆಯ ಕೈಗಳನ್ನು ನಾನು ನೋಡಿದ್ದೇನೆ. ನೆನೆದರೆ ಬೇಜಾರಾಗುತ್ತದೆ.

ಹಾಗಾಗಿ ಶಾಲೆಯ ಫಲವನ್ನು ಮೊದಲ ಸಂಬಳದಲ್ಲಿ ಹುಡುಕಬಾರದು. ಒಂದು ಉದಾಹರಣೆ ಹಾಕಿಕೊಳ್ಳೋಣ. ಹೊಸಬರ ತಿಂಗಳ ಸಂಬಳವನ್ನೇ ಅಳತೆಗೋಲು ಮಾಡಿಕೊಳ್ಳಿ. ಫೀಸು 18 ತಿಂಗಳ ಸಂಬಳದಷ್ಟು, ಓದುವ 18 ತಿಂಗಳು ದುಡಿಮೆ ಇಲ್ಲ. ಒಟ್ಟು ಹೋದದ್ದು 36 ತಿಂಗಳ ಸಂಬಳ. ಈಗ ಆ ಓದಿನಿಂದ, ಹೊಸಬರಿಗಿಂತ ಎರಡರಷ್ಟು ಸಂಬಳದ ಹುದ್ದೆಗೆ ನೀವು ಮೂರು ವರ್ಷ ಮೊದಲೇ ತಲುಪಿದಿರಿ ಅಂದುಕೊಳ್ಳಿ. ಆ ಮೂರು ವರ್ಷ ತಿಂಗಳಿಗೊಂದು ಸಂಬಳ ಹೆಚ್ಚಿಗೆ ಬಂದರೆ 36 ತಿಂಗಳದ್ದು ಪೂರ್ತಿ ವಾಪಸ್. ಆಮೇಲೆ ಬರುವುದೆಲ್ಲ ಲಾಭ. ಹಡಗು, ದೊಡ್ಡ ಹೋಟೆಲು, ಬೇರೆ ದೇಶದ ವೀಸಾ ಅಂತ ಸರ್ಟಿಫಿಕೇಟು ಕೇಳುವ ಜಾಗಗಳ ಬಾಗಿಲೂ ತೆರೆದಿರುತ್ತದೆ.

ಅಮೆರಿಕದ ಕ್ಯುಲಿನರಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ 1946ರಲ್ಲಿ ಶುರುವಾಗಿದ್ದೇ ಎರಡನೇ ಮಹಾಯುದ್ಧದಿಂದ ವಾಪಸಾದ ಸೈನಿಕರಿಗೆ ಒಂದು ಕಸುಬು ಕಲಿಸಲು. ಬೇಗ ದುಡಿಮೆಗೆ ಇಳಿಯಬೇಕಾದವರಿಗಾಗಿಯೇ ಹುಟ್ಟಿದ ಶಾಲೆ ಅದು. ಅಡುಗೆ ಶಾಲೆ ಅಂದರೆ ಉಳ್ಳವರ ಹವ್ಯಾಸ ಅನ್ನುವವರು ಇದನ್ನು ನೆನಪಿಡಬೇಕು.

ವಿರೋಧ: ಸಾಲ ಕಲಿಕೆಯನ್ನೇ ಕಟ್ಟಿಹಾಕುತ್ತದೆ

ಅದೇ 36 ತಿಂಗಳ ಲೆಕ್ಕವನ್ನು ಈ ಕಡೆಯಿಂದ ನೋಡೋಣ. ಮೂರು ವರ್ಷ ಮೊದಲೇ ಮೇಲೆ ಹೋಗುತ್ತೀರಿ ಅಂತ ಯಾವ ಶಾಲೆಯೂ ಬರೆದುಕೊಡುವುದಿಲ್ಲ. ಶಾಲೆ ಮುಗಿಸಿ ಬಂದವರೂ ಸೇರುವುದು ಕೆಳಗಿನ ಮೆಟ್ಟಿಲಿಗೇ. ಪಕ್ಕದಲ್ಲಿ ನಿಂತು ಈರುಳ್ಳಿ ಹೆಚ್ಚುತ್ತಿರುವವನು ಶಾಲೆಯ ಮುಖ ನೋಡಿರುವುದಿಲ್ಲ, ಅವನ ಕೈ ನಿಮಗಿಂತ ಚುರುಕಾಗಿರುತ್ತದೆ. ಓದಿದ್ದಕ್ಕೆ ನೂರಕ್ಕೆ ಹತ್ತು ಜಾಸ್ತಿ ಸಂಬಳ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅಷ್ಟರಲ್ಲೇ 36 ತಿಂಗಳ ಸಂಬಳ ತೀರಿಸಲು 360 ತಿಂಗಳು ಬೇಕು. ಮೂವತ್ತು ವರ್ಷ! ಬಡ್ಡಿಯನ್ನು ನಾನಿನ್ನೂ ಸೇರಿಸಿಲ್ಲ.

ಜರ್ಮನಿಯಲ್ಲಿ ಅಡುಗೆಯವರಾಗಲು ಮೂರು ವರ್ಷದ ತರಬೇತಿ ಇದೆ. ವಾರದ ಹೆಚ್ಚಿನ ದಿನ ಅಡುಗೆಮನೆಯಲ್ಲಿ ಕೆಲಸ, ಜೊತೆಗೆ ವೃತ್ತಿ ಶಾಲೆಯಲ್ಲಿ ಪಾಠ, ಕಲಿಯುವಷ್ಟೂ ದಿನ ಕೈಗೆ ಸಂಬಳ. ಪರ ವಾದದಲ್ಲಿ ಹೇಳಿದ ತಣಿಸುವ ನಿಯಮ, ಸಿಪ್ಪೆ ತೊಟ್ಟು ಕಳೆದು ಉಳಿಯುವುದರ ಲೆಕ್ಕ, ಎಲ್ಲವನ್ನೂ ಸಾಲವಿಲ್ಲದೆ ಕಲಿಯುವ ದಾರಿ ಇದು. ಆ ಸೈನಿಕರ ವಿಷಯವೂ ಅಷ್ಟೇ. ಅವರ ಓದಿನ ಖರ್ಚನ್ನು ಜಿಐ ಬಿಲ್ ಅನ್ನುವ ಕಾನೂನಿನಡಿ ಸರ್ಕಾರ ಕೊಡುತ್ತಿತ್ತು. ಫೀಸು ಬೇರೆಯವರು ಕಟ್ಟುವುದಾದರೆ ನಾನೂ ಹೋಗಿ ಎಂದೇ ಹೇಳುತ್ತೇನೆ.

ಫ್ರಾನ್ಸಿನ ಹೆಸರಾಂತ ಶೆಫ್ ಆಗಸ್ಟ್ ಎಸ್ಕೊಫಿಯೆ 13ನೇ ವಯಸ್ಸಿಗೆ ನೀಸ್ ಪಟ್ಟಣದಲ್ಲಿ ಚಿಕ್ಕಪ್ಪನ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ. ಸ್ಪೇನಿನ ಹೆಸರಾಂತ ಶೆಫ್ ಫೆರಾನ್ ಆಡ್ರಿಯಾ ಶುರು ಮಾಡಿದ್ದು ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವುದರಿಂದ. ಇಂಥ ಹೆಸರುಗಳನ್ನು ಎಲ್ಲರೂ ಹೇಳುತ್ತಾರೆ, ನನಗೆ ಇವು ಅಷ್ಟು ದೊಡ್ಡ ಸಾಕ್ಷಿ ಅನ್ನಿಸುವುದಿಲ್ಲ. ಅಂಥ ಕೈ ಲಕ್ಷಕ್ಕೊಂದು. ನಾವು ಮಾತಾಡಬೇಕಾದ್ದು ಸಾಧಾರಣ ಕೈಯ, ಶ್ರಮ ಪಡುವ ಮನುಷ್ಯರ ಬಗ್ಗೆ.

ಅವರಿಗೆ ಸಾಲ ಏನು ಮಾಡುತ್ತದೆ ಅನ್ನುವುದೇ ಇಲ್ಲಿ ಮುಖ್ಯ. 2015ರಲ್ಲಿ ಅಮೆರಿಕದಲ್ಲಿ ಒಂದು ನಿಯಮ ಜಾರಿಗೆ ಬಂತು. ವೃತ್ತಿ ಕೋರ್ಸು ಮುಗಿಸಿದವರ ವರ್ಷದ ಸಾಲದ ಕಂತು ಅವರ ಆದಾಯದ ಶೇಕಡಾ 8ರೊಳಗೆ ಇರಬೇಕು, ಇಲ್ಲವೇ ಅಗತ್ಯದ ಖರ್ಚು ಕಳೆದು ಉಳಿಯುವ ಆದಾಯದ ಶೇಕಡಾ 20ರೊಳಗೆ ಇರಬೇಕು ಅಂತ ಅದು ಹೇಳುತ್ತಿತ್ತು. 1895ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಅಡುಗೆ ಶಾಲೆ ಲೆ ಕಾರ್ಡನ್ ಬ್ಲೂ ಹೆಸರಿನಲ್ಲಿ ಅಮೆರಿಕದಲ್ಲಿ ಬೇರೊಂದು ಕಂಪನಿ ನಡೆಸುತ್ತಿದ್ದ ಕ್ಯಾಂಪಸ್‌ಗಳು 2017ರ ಹೊತ್ತಿಗೆ ಎಲ್ಲವೂ ಮುಚ್ಚಿದವು. ಹೊಸ ನಿಯಮಗಳನ್ನೂ ಆ ಕಂಪನಿ ಕಾರಣವಾಗಿ ಹೇಳಿತ್ತು. ನಿಮ್ಮ ದೇಶದಲ್ಲಿ ಇಂಥ ನಿಯಮ ಇರಲಿ ಬಿಡಲಿ, ಆ 8ರ ಲೆಕ್ಕವನ್ನು ಅರ್ಜಿ ಹಾಕುವ ಮೊದಲು ನೀವೇ ಹಾಕಿ ನೋಡಿ. ಶೆಫ್ ಆದ ಮೇಲಿನ ಸಂಬಳ ಹಿಡಿಯಬೇಡಿ, ಮೊದಲ ವರ್ಷದ ಸಂಬಳ ಹಿಡಿಯಿರಿ.

ನನಗೆ ಗೊತ್ತಿರುವ ಒಬ್ಬ ಹುಡುಗಿ ಸಾಲ ಮಾಡಿ ಒಂದು ಶಾಲೆ ಮುಗಿಸಿದಳು. ಚಾಕು ಹಿಡಿದರೆ ಮೂರು ಮಿಲಿಮೀಟರಿನ ಚೌಕಗಳು ಒಂದೇ ಸಮ ಬೀಳುತ್ತಿದ್ದವು, ನೋಡುವುದೇ ಚಂದ. ಅವಳಿಗೆ ಹೋಗಬೇಕಿದ್ದದ್ದು ಒಂದು ಸಣ್ಣ ಅಡುಗೆಮನೆಗೆ. ಅಲ್ಲಿನ ಶೆಫ್ ಪ್ರತಿಯೊಂದನ್ನೂ ಪಕ್ಕದಲ್ಲಿ ನಿಂತು ಕಲಿಸುವವರು, ಆದರೆ ಸಂಬಳ ತೀರಾ ಕಡಿಮೆ. ಕಂತು ಕಟ್ಟಿದರೆ ಬಾಡಿಗೆಗೆ ಉಳಿಯುತ್ತಿರಲಿಲ್ಲ. ಹಾಗಾಗಿ ಜಾಸ್ತಿ ಕೊಡುವ ಒಂದು ದೊಡ್ಡ ಕ್ಯಾಂಟೀನಿಗೆ ಸೇರಿದಳು. ಅಲ್ಲಿ ತರಕಾರಿ ಹೆಚ್ಚಿದ್ದೇ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು, ಸಾಸು ಡಬ್ಬದಲ್ಲಿ. ಕಲಿಯಲೆಂದು ಮಾಡಿದ ಸಾಲ ಅವಳನ್ನು ಕಲಿಯುವ ಜಾಗದಿಂದಲೇ ದೂರ ಇಟ್ಟಿತು. ಈ ಕಸುಬಿನಲ್ಲಿ ನಿಜವಾದ ಕಲಿಕೆ ಮೊದಲ ನಾಲ್ಕೈದು ವರ್ಷ ಯಾರ ಕೈ ಕೆಳಗೆ ನಿಲ್ಲುತ್ತೀರಿ ಅನ್ನುವುದರಲ್ಲಿದೆ, ಮತ್ತು ಆ ವರ್ಷಗಳಲ್ಲೇ ಕಂತು ಕುತ್ತಿಗೆ ಹಿಡಿದಿರುತ್ತದೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ವಿಷಯ.

ಇನ್ನು ಮೈಯ ಮಾತು. ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಲ್ಲಬೇಕು, ಊರೆಲ್ಲ ರಜೆಯಲ್ಲಿರುವಾಗ ನೀವು ಬೆವರುತ್ತಿರುತ್ತೀರಿ. ಕೆಲವರಿಗೆ ಅದು ಒಗ್ಗುತ್ತದೆ, ಕೆಲವರಿಗೆ ಇಲ್ಲ. ಒಗ್ಗದಿದ್ದರೆ ತಪ್ಪೇನಿಲ್ಲ, ಆದರೆ ಸಾಲ ಮಾಡಿದ ಮೇಲೆ ಅದು ಗೊತ್ತಾಗಬಾರದು, ಅಲ್ವಾ? ಮೊದಲು ಒಂದು ವರ್ಷ ಅಡುಗೆಮನೆಯಲ್ಲಿ ಕೆಲಸ ಮಾಡಿ. ಆಮೇಲೂ ಶಾಲೆ ಬೇಕು ಅನ್ನಿಸಿದರೆ ಅಲ್ಲಿ ಹೋಗಿ ಕೇಳಿ: ಐದು ವರ್ಷದ ಹಿಂದೆ ಇಲ್ಲಿಂದ ಹೊರಬಿದ್ದವರು ಈಗ ಯಾವ ಹುದ್ದೆಯಲ್ಲಿದ್ದಾರೆ, ಎಷ್ಟು ಜನ ಇನ್ನೂ ಅಡುಗೆಮನೆಯಲ್ಲೇ ಇದ್ದಾರೆ? ಪ್ಲೇಸ್‌ಮೆಂಟ್ ಪಟ್ಟಿ ತೋರಿಸಿದರೆ ಸಾಲದು, ಅದು ಮೊದಲ ಕೆಲಸದ ಪಟ್ಟಿ ಮಾತ್ರ. ಕೆಲವು ತಿಂಗಳ ಸಣ್ಣ ಕೋರ್ಸೇ ಸಾಕಾ ಅಂತಲೂ ನೋಡಿ. ನೀವು ಸೇರಬೇಕು ಅಂದುಕೊಂಡ ಜಾಗದ ಶೆಫ್ ಹತ್ತಿರ, ಸರ್ಟಿಫಿಕೇಟು ಇಲ್ಲದಿದ್ದರೆ ತಗೊಳ್ಳುತ್ತೀರಾ ಅಂತ ನೇರವಾಗಿ ಕೇಳಿ. ಎಷ್ಟೋ ಜನ ಹೂಂ ಅನ್ನುತ್ತಾರೆ.

ಆ ಹುಡುಗಿ ಕೊನೆಯ ಕಂತು ಕಟ್ಟಿದ ತಿಂಗಳೇ ಆ ಸಣ್ಣ ಅಡುಗೆಮನೆಗೆ ಫೋನ್ ಮಾಡಿದಳು. ಜಾಗ ಇತ್ತು. ಸಂಬಳ ಮಾತ್ರ ಹೊಸಬರದ್ದೇ. ಮಾರನೇ ವಾರ ತನ್ನ ಚಾಕುಗಳ ಚೀಲ ಎತ್ತಿಕೊಂಡು ಅಲ್ಲಿಗೆ ಹೋದಳು.